ಹಾವುಮೀನಿನ ಮರಿಗೆ ಕಾರವಾರದ ನೀರೋ, ಶಿರಸಿಯ ನೀರೋ?

ಹಾವುಮೀನಿನ ಮರಿ ಸಾಕುವ ತೊಟ್ಟಿಯನ್ನು ಕಾರವಾರದ ಮನೆಯಲ್ಲಿ ಇಡಬೇಕೋ, ಶಿರಸಿಯ ತೋಟದಲ್ಲೋ? ಮೊದಲು ಎರಡೂ ಕಡೆ ನೀರಿಗೆ ಥರ್ಮಾಮೀಟರ್ ಹಾಕಿ ನೋಡಿ.

ಮೀನಿನ ಮೈ ನೀರಿನಷ್ಟೇ ಬಿಸಿ. ನೀರು 10 ಡಿಗ್ರಿ ಏರಿದರೆ ಅದಕ್ಕೆ ಬೇಕಾಗುವ ಆಮ್ಲಜನಕ ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ಕಾರವಾರದ ಸೆಕೆಯಲ್ಲಿ ಮರಿ ಜಾಸ್ತಿ ತಿನ್ನುತ್ತದೆ, ಬೇಗ ಬೆಳೆಯುತ್ತದೆ. ತೊಂದರೆಯೂ ಅಲ್ಲೇ ಇದೆ. 20 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯ ನೀರು ಏಳೂವರೆ ಮಾತ್ರ. ಬೇಕಾದದ್ದು ಜಾಸ್ತಿ, ಸಿಗುವುದು ಕಡಿಮೆ. ಮೇಲಾಗಿ ಹಾವುಮೀನು ರಾತ್ರಿ ಓಡಾಡುವ ಜೀವಿ. ಹಗಲೆಲ್ಲ ತೊಟ್ಟಿಯಲ್ಲಿಟ್ಟ ಪೈಪಿನೊಳಗೆ ಸುಮ್ನೆ ಬಿದ್ದಿರುತ್ತದೆ, ಕತ್ತಲಾದ ಮೇಲೆ ಅದರ ಉಸಿರಾಟ ಏರುತ್ತದೆ. ಪಾಚಿ ಕಟ್ಟಿದ ತೊಟ್ಟಿಯಲ್ಲಿ ಆಮ್ಲಜನಕ ಇಳಿಯುವುದೂ ಆಗಲೇ. ಆ ಹೊತ್ತಿಗೆ ಕರೆಂಟ್ ಹೋದರೆ ಕಥೆ ಮುಗೀತು ಅಲ್ವಾ? ಬ್ಯಾಟರಿಯ ಏರ್ ಪಂಪ್ ಇಲ್ಲದೆ ಕಾರವಾರದಲ್ಲಿ ಶುರು ಮಾಡಬೇಡಿ.

ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಚಳಿಗಾಲದ ರಾತ್ರಿ ನೀರು ತಣ್ಣಗಾಗುತ್ತದೆ, ಮರಿ ಚುರುಕಾಗಬೇಕಾದ ಹೊತ್ತಿಗೇ ಮೈ ಮಂದವಾಗುತ್ತದೆ. ಹಗಲು-ರಾತ್ರಿಯ ಲೆಕ್ಕ ಇಡುವ ಮೈಯೊಳಗಿನ ಗಡಿಯಾರ ಚಳಿಗೆ ಅಷ್ಟೇನೂ ನಿಧಾನವಾಗುವುದಿಲ್ಲ, ಹಸಿವು ಮಾತ್ರ ಇಳಿಯುತ್ತದೆ. ಮೇವು ಕಡಿಮೆ ಹಾಕಿ, ಉಳಿದರೆ ನೀರು ಕೊಳೆಯುತ್ತದೆ.

ನನ್ನ ಆಯ್ಕೆ ಕಾರವಾರ. ನಮ್ಮ ಹೊಳೆಗಳ ಹಾವುಮೀನು ಬಿಸಿ ನಾಡಿನದು. ಎಲ್ಲಿಟ್ಟರೂ ತೊಟ್ಟಿಗೆ ಬಿಗಿ ಮುಚ್ಚಳ ಬೇಕೇ ಬೇಕು. ಇಲ್ಲದಿದ್ದರೆ ರಾತ್ರಿ ತೆವಳಿಕೊಂಡು ಹೊರಟುಬಿಡುತ್ತದೆ.