ಏಳು ವರ್ಷದ ಮಗನಿಗೆ ರೋಬೋಟ್ ನೆರವಿನ ಕಿಡ್ನಿ ಶಸ್ತ್ರಚಿಕಿತ್ಸೆ: ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಾವು ಕಂಡದ್ದು

ವರ್ಷವಿಡೀ ಮಗ ಆಗಾಗ ಹೊಟ್ಟೆಯ ಎಡಭಾಗ ಹಿಡಿದುಕೊಂಡು ವಾಂತಿ ಮಾಡುತ್ತಿದ್ದ. ಅತ್ತೆ ದೃಷ್ಟಿ ತೆಗೆದರು, ನಾನು ಜಂತುಹುಳುವಿನ ಮಾತ್ರೆ ಕೊಟ್ಟೆ. ಮರುದಿನ ಎಂದಿನಂತೆ ಆಡಲು ಓಡುತ್ತಿದ್ದ. ಕೊನೆಗೆ ಹಾಸನದಲ್ಲಿ, ನೋವು ಇರುವಾಗಲೇ ಸ್ಕ್ಯಾನಿಂಗ್ ಮಾಡಿಸಿದಾಗ ಎಡ ಕಿಡ್ನಿ ಊದಿಕೊಂಡಿರುವುದು ಕಾಣಿಸಿತು. ಬೆಂಗಳೂರಿನಲ್ಲಿ, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ, ಮೂತ್ರ ಸರಾಗವಾಗಿ ಇಳಿಯುತ್ತಿದೆಯೇ ಎಂದು ತೋರಿಸುವ ಡಿಟಿಪಿಎ ಸ್ಕ್ಯಾನ್ ಆದ ಮೇಲೆ, ಪೈಲೋಪ್ಲಾಸ್ಟಿ ಎಂಬ ಶಸ್ತ್ರಚಿಕಿತ್ಸೆ ಆಗಲೇಬೇಕೆಂದರು.

ಮಕ್ಕಳ ಮೂತ್ರರೋಗ ತಜ್ಞರು ಔಷಧ ಚೀಟಿಯ ಹಿಂಬದಿಯಲ್ಲಿ ಲಾಳಿಕೆಯೊಂದನ್ನು ಬರೆದರು. ಲಾಳಿಕೆಯ ಬಾಯಿ ಕಿಡ್ನಿ, ಕೊಳವೆ ಮೂತ್ರನಾಳ. ಎರಡೂ ಕೂಡುವಲ್ಲಿ ಹುಟ್ಟಿನಿಂದಲೇ ದಾರಿ ಕಿರಿದು. ಆ ತುಂಡನ್ನು ಕತ್ತರಿಸಿ ತೆಗೆದು, ಅಗಲವಾಗಿ ಮತ್ತೆ ಹೊಲಿಯುವುದೇ ಚಿಕಿತ್ಸೆ. "ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲಮ್ಮ. ಪಕ್ಕದಲ್ಲಿ ಕುಳಿತು ಅದರ ಕೈಗಳನ್ನು ಆಡಿಸುವವನು ನಾನೇ" ಎಂದರು. ತೆರೆದ ಶಸ್ತ್ರಚಿಕಿತ್ಸೆಯ ಫಲಿತಾಂಶವೂ ಚೆನ್ನಾಗಿಯೇ ಇರುತ್ತದೆ, ಹಸುಗೂಸುಗಳಿಗೆ ಹಲವು ಬಾರಿ ಅದೇ ಮೇಲು ಎಂಬುದನ್ನೂ ಮುಚ್ಚಿಡಲಿಲ್ಲ. ನಾನು ಅವರನ್ನು ನಂಬಿದ್ದು ಆ ಮಾತಿಗೆ.

ಹೊಟ್ಟೆಯ ಮೇಲೆ 8 ಮಿಲಿಮೀಟರಿನ ಮೂರು ಗಾಯಗಳು, ಅಷ್ಟೇ. ಮರುದಿನ ಸಂಜೆ ಎದ್ದು ನಡೆದ, ಮೂರನೆಯ ದಿನ ಮನೆಗೆ ಬಂದೆವು.

ನನ್ನ ದೂರು ಇರುವುದು ಆನಂತರದ್ದು. ಹೊಲಿಗೆ ಮಾಯುವವರೆಗೆ ಒಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಇರುತ್ತದೆ. ಅದರಿಂದ ಉರಿ, ನೋವು ಆಗಬಹುದು, ಮೂತ್ರ ಕೆಂಪಾಗಬಹುದು ಎಂದು ಯಾರೂ ಹೇಳಿರಲಿಲ್ಲ. ಮೊದಲ ರಾತ್ರಿ ಬಚ್ಚಲಿನಲ್ಲಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದು ನಿಂತ ಮಗ "ಅಮ್ಮಾ, ಬರುತ್ತಿದೆ, ಆದರೆ ಬಿಡಲಾರೆ" ಎಂದು ಅತ್ತ. ಹೊಲಿಗೆ ಬಿಚ್ಚಿತೆಂದು ನನ್ನ ಕೈಕಾಲು ತಣ್ಣಗಾದವು. ಆಸ್ಪತ್ರೆಗೆ ಫೋನ್ ಮಾಡಿದರೆ ನಾಲ್ಕು ಜನರ ಕೈ ದಾಟಿತು. ಕಡೆಗೆ ವಾರ್ಡಿನ ನರ್ಸ್ ಒಬ್ಬರು, "ಸ್ಟೆಂಟ್‌ನಿಂದಮ್ಮಾ, ನೀರು ಚೆನ್ನಾಗಿ ಕುಡಿಸಿ, ಜ್ವರ ಬಂದರೆ ಮಾತ್ರ ತಕ್ಷಣ ಹೊರಟು ಬನ್ನಿ" ಎಂದರು. ಈ ಎರಡು ಸಾಲು ಬಿಡುಗಡೆಯ ಕಾಗದದಲ್ಲಿ ಇತ್ತಂತೆ, ಇಂಗ್ಲಿಷಿನಲ್ಲಿ, ನಾಲ್ಕನೆಯ ಪುಟದಲ್ಲಿ.

ಆರು ವಾರದ ಮೇಲೆ ಸ್ಟೆಂಟ್ ತೆಗೆಯಲು ಮತ್ತೆ ಅರಿವಳಿಕೆ, ಮತ್ತೆ ಬಿಲ್. ನಮ್ಮ ವಿಮೆಯಲ್ಲಿ ರೋಬೋಟ್ ಚಿಕಿತ್ಸೆಗೆ ಬೇರೆ ಮಿತಿ ಇರುವುದು ತಿಳಿದದ್ದೂ ಹಣ ಕಟ್ಟುವ ಕಿಟಕಿಯಲ್ಲೇ. ಹೋಗುವವರು ಇವೆರಡನ್ನೂ ದಾಖಲಾಗುವ ಮೊದಲೇ ಕೇಳಿ.

ಮೂರು ತಿಂಗಳ ಸ್ಕ್ಯಾನಿಂಗ್‌ನಲ್ಲಿ ಊತ ಇಳಿದಿದೆ, ಹೊಟ್ಟೆನೋವು ಮತ್ತೆ ಬಂದಿಲ್ಲ. ಸ್ಟೆಂಟ್ ಇರುವ ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವ ಬಗೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದಿದ್ದೇನೆ. ಮುಂದಿನ ಭೇಟಿಯಲ್ಲಿ ತಿದ್ದಿ ವಾರ್ಡಿನಲ್ಲಿ ಹಂಚಿಸುತ್ತೇನೆಂದು ವೈದ್ಯರು ಒಪ್ಪಿದ್ದಾರೆ.