ಆಕ್ಸೆಸ್ ರನ್‌ಟೈಮ್: ಗಂಜಿನ ಹಳೆಯ ಲೆಕ್ಕದ ಫೈಲು ಹೊಸ ಕಂಪ್ಯೂಟರಿನಲ್ಲಿ ತೆರೆಯದಿದ್ದಾಗ

ಕಲಬುರಗಿಯ ನೆಹರು ಗಂಜಿನ ಅಡತ್ ಅಂಗಡಿಗಳಲ್ಲಿ, ಕಪನೂರಿನ ದಾಲ್ ಮಿಲ್ಲುಗಳಲ್ಲಿ ತೊಗರಿಯ ಪಟ್ಟಿ (ಮಾರಾಟದ ಬಿಲ್ಲು), ಹಮಾಲಿ, ದಲಾಲಿಯ ಲೆಕ್ಕ ಇಂದಿಗೂ ಮೈಕ್ರೋಸಾಫ್ಟ್ ಆಕ್ಸೆಸ್ ಎಂಬ ಡೇಟಾಬೇಸ್ ಪ್ರೋಗ್ರಾಂನ ಹಳೆಯ ಎಂಡಿಬಿ (.mdb) ಫೈಲಿನಲ್ಲಿ ನಡೆಯುವುದುಂಟು. ಹೊಸ ಕಂಪ್ಯೂಟರ್ ಬಂತು, ಪೆನ್‌ಡ್ರೈವಿನಿಂದ ಫೈಲು ಹಾಕಿದ್ದಾಯಿತು, ಆದರೆ ತೆರೆಯುತ್ತಿಲ್ಲ. ಇಂಥ ಹೊತ್ತಿನಲ್ಲಿ ಬಹುಪಾಲು ಫೈಲು ಕೆಟ್ಟಿರುವುದಿಲ್ಲ. ಅದನ್ನು ನಡೆಸುತ್ತಿದ್ದ ಸಲಕರಣೆ ಹಳೆಯ ಯಂತ್ರದಲ್ಲೇ ಉಳಿದಿರುತ್ತದೆ. ಅದರಲ್ಲಿ ದೊಡ್ಡ ಪಾಲು ಆಕ್ಸೆಸ್ ರನ್‌ಟೈಮ್‌ನಿಂದ, ಅಂದರೆ ಪೂರ್ಣ ಆಕ್ಸೆಸ್ ಇಲ್ಲದೆಯೂ ಅದರ ಫೈಲನ್ನು ನಡೆಸುವ ಕಿರು ಆವೃತ್ತಿಯಿಂದ, ಸಿಗುತ್ತದೆ. ಮೈಕ್ರೋಸಾಫ್ಟ್ ತಾಣದಿಂದ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು.

ಇಳಿಸುವಾಗಲೇ 32 ಬಿಟ್ಟೋ 64 ಬಿಟ್ಟೋ ಎಂಬ ಆಯ್ಕೆ ಬರುತ್ತದೆ. ಹೊಸದೆಂದು 64 ಒತ್ತಬೇಡಿ. ಹಳೆಯ ಫೈಲಿನ ಕೋಡ್ ವಿಂಡೋಸ್‌ನ ಫಂಕ್ಷನ್‌ಗಳನ್ನು ಕರೆಯುತ್ತಿದ್ದರೆ, ಆ ಡಿಕ್ಲೇರ್ ಸಾಲುಗಳಲ್ಲಿ ಪಿಟಿಆರ್‌ಸೇಫ್ ಎಂಬ ಪದವಿಲ್ಲದೆ 64ರಲ್ಲಿ ಕಂಪೈಲ್ ಆಗುವುದಿಲ್ಲ, ಅಂದರೆ ನಡೆಯುವ ರೂಪಕ್ಕೆ ಬರುವುದಿಲ್ಲ. ಕೋಡ್ ಎಂಡಿಬಿಯ ಡೇಟಾ ಓದಲು ಬಳಸುವ ಜೆಟ್ 4.0 ಒಎಲ್‌ಇಡಿಬಿ ಪ್ರೊವೈಡರ್ ಅಂತೂ 32 ಬಿಟ್‌ನಲ್ಲಿ ಮಾತ್ರ ಇದೆ. 'ಪ್ರೊವೈಡರ್ ನಾಟ್ ರಿಜಿಸ್ಟರ್ಡ್' ಎಂಬ ಸಂದೇಶಕ್ಕೆ ಸಾಮಾನ್ಯವಾಗಿ ಇದೇ ಮೂಲ. ಆದರೆ 2019ರಿಂದ ಆಫೀಸ್ ತಾನಾಗಿ 64 ಬಿಟ್ಟಿನದೇ ಕೂರುತ್ತದೆ, ಅದರ ಪಕ್ಕದಲ್ಲಿ 32ರ ರನ್‌ಟೈಮ್ ಹಾಕಲು ಹೋದರೆ ಇನ್‌ಸ್ಟಾಲರ್ ಒಪ್ಪುವುದಿಲ್ಲ. ಎಕ್ಸೆಲ್ ಯಾವ ಬಿಟ್ಟಿನದು ಎಂದು ಮೊದಲು ನೋಡಿ. ಬೇಕಾದರೆ ಆಫೀಸನ್ನೇ 32ಕ್ಕೆ ಮತ್ತೆ ಹಾಕಿ.

'ಅನ್‌ರೆಕಗ್ನೈಸ್ಡ್ ಡೇಟಾಬೇಸ್ ಫಾರ್ಮ್ಯಾಟ್' ಎಂದರೆ ಅದು ಆಕ್ಸೆಸ್ 97ರ ಫೈಲಾಗಿರಬಹುದು. 2013 ಮತ್ತು ನಂತರದ ಆವೃತ್ತಿಗಳು ಅದನ್ನು ಮುಟ್ಟುವುದಿಲ್ಲ. 2010 ಅಥವಾ ಅದಕ್ಕಿಂತ ಹಿಂದಿನ ಪೂರ್ಣ ಆಕ್ಸೆಸ್ ಇರುವ ಯಂತ್ರದಲ್ಲಿ ಮೊದಲು ಹೊಸ ರೂಪಕ್ಕೆ ತಿರುಗಿಸಿಕೊಳ್ಳಬೇಕು.

ರನ್‌ಟೈಮ್‌ನ ಕೊರತೆಯೂ ಇಲ್ಲೇ. ಅದು ಫೈಲನ್ನು ನಡೆಸುತ್ತದೆ, ರಿಪೇರಿಗೆ ಕೈ ಹಾಕಲು ಬಿಡುವುದಿಲ್ಲ. ಫಾರ್ಮು, ಟೇಬಲ್ ತಿದ್ದುವ ಡಿಸೈನ್ ವ್ಯೂ ಇಲ್ಲ, ಬೇರೆ ಫೈಲಿನ ಟೇಬಲ್‌ಗಳ ದಾರಿ ಬದಲಿಸುವ ಲಿಂಕ್ಡ್ ಟೇಬಲ್ ಮ್ಯಾನೇಜರ್ ಇಲ್ಲ. ಕೋಡ್ ಹಿಡಿಯದೆ ಬಿಟ್ಟ ಒಂದು ದೋಷ ಬಂದರೂ ಇಡೀ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ, ಕಾರಣ ತಿಳಿಯುವುದಿಲ್ಲ. ಕೌಂಟರಿನ ಯಂತ್ರಗಳಿಗೆ ಧಾರಾಳವಾಗಿ ಹಾಕಿ. ಅಂಗಡಿಯ ಒಂದು ಯಂತ್ರದಲ್ಲಾದರೂ ಪೂರ್ಣ ಆಕ್ಸೆಸ್ ಇರಲೇಬೇಕು.

ಅಲ್ಲಿ ಆಲ್ಟ್ ಎಫ್11 ಒತ್ತಿ, ಟೂಲ್ಸ್‌ನಲ್ಲಿ ರೆಫರೆನ್ಸಸ್ ತೆರೆಯಿರಿ. ಕೋಡ್ ಬಳಸುವ ಹೊರಗಿನ ಲೈಬ್ರರಿಗಳೆಲ್ಲ ಅಲ್ಲಿ ಕಾಣುತ್ತವೆ. 'ಮಿಸ್ಸಿಂಗ್' ಎಂದು ಶುರುವಾಗುವ ಸಾಲೇ ತಂಟೆಯ ಮೂಲ. ವಿಚಿತ್ರವೆಂದರೆ ದೋಷ ಕಾಣುವುದು ಅದಕ್ಕೆ ಸಂಬಂಧವೇ ಇಲ್ಲದ ಡೇಟ್, ಲೆಫ್ಟ್, ಫಾರ್ಮ್ಯಾಟ್‌ನಂಥ ಸಾದಾ ಫಂಕ್ಷನ್‌ಗಳ ಮೇಲೆ. ಆ ಲೈಬ್ರರಿ ಬೇಡವಾದರೆ ಟಿಕ್ ತೆಗೆಯಿರಿ, ಬೇಕಾದರೆ ಹೊಸ ಯಂತ್ರದಲ್ಲಿ ಹಾಕಿ ನೋಂದಾಯಿಸಿ. ಆಮೇಲೆ ಡಿಬಗ್‌ನಲ್ಲಿ ಕಂಪೈಲ್ ಕೊಡಿ. ಟೇಬಲ್‌ಗಳು ಹಳೆಯ ಡ್ರೈವಿನ ದಾರಿಯನ್ನೇ ಹಿಡಿದಿದ್ದರೆ ಲಿಂಕ್ ಹೊಸದಾಗಿ ಕೊಡಿ.

ಫೈಲನ್ನು ಪ್ರೋಗ್ರಾಂ ಫೈಲ್ಸ್ ಒಳಗೆ ಇಡಬೇಡಿ. ಆಕ್ಸೆಸ್ ತೆರೆದಾಗ ಅದೇ ಫೋಲ್ಡರಿನಲ್ಲಿ ಎಲ್‌ಡಿಬಿ ಎಂಬ ಲಾಕ್ ಫೈಲು ಹುಟ್ಟಬೇಕು. ಅಲ್ಲಿ ಬರೆಯುವ ಅನುಮತಿ ಇಲ್ಲದಿದ್ದರೆ ಡೇಟಾ ಓದಲಷ್ಟೇ ಸಿಗುತ್ತದೆ, ಹೊಸ ಪಟ್ಟಿ ಸೇವ್ ಆಗದು. ಡಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ ಮಾಡಿಫೈ ಅನುಮತಿ ಕೊಡಿ. ಫೈಲು ಮೇಲ್‌ನಲ್ಲಿ ಬಂದಿದ್ದರೆ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್ ಒತ್ತಿ.

ರೈತರ ಹೆಸರುಗಳು ಇಂಗ್ಲಿಷ್ ಅಕ್ಷರದ ಗೋಜಲಾಗಿ ಕಂಡರೂ ಡೇಟಾ ಹೋಗಿಲ್ಲ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪಾಗಿದೆ, ಅಷ್ಟೆ. ಹಳೆಯ ಯಂತ್ರದ ಫಾಂಟ್ಸ್ ಫೋಲ್ಡರಿನಿಂದ ಅದೇ ಫಾಂಟ್ ತಂದು ಎಲ್ಲ ಬಳಕೆದಾರರಿಗೂ ಹಾಕಿ.

ಎಲ್ಲಕ್ಕಿಂತ ಅಪಾಯದ್ದು ತಾರೀಖು, ಏಕೆಂದರೆ ಅದು ಯಾವ ಸಂದೇಶವನ್ನೂ ಕೊಡುವುದಿಲ್ಲ. ಹೊಸ ವಿಂಡೋಸ್‌ನ ರೀಜನ್ ಅಮೆರಿಕಕ್ಕೆ ಇದ್ದರೆ, ಡಿಸೆಂಬರ್ 5ಕ್ಕೆ 05/12 ಎಂದು ಹೊಡೆದದ್ದು ಮೇ 12 ಆಗಿ ಕೂರುತ್ತದೆ. 13/12 ಹೊಡೆದರೆ ಸರಿಯಾಗಿಯೇ ಹೋಗುತ್ತದೆ, ಹಾಗಾಗಿ ಅನುಮಾನವೂ ಬರುವುದಿಲ್ಲ. ತೊಗರಿ ಆವಕ ಶುರುವಾಗುವುದೇ ಡಿಸೆಂಬರಿನಲ್ಲಿ. ಮೊದಲ ಪಟ್ಟಿ ಹೊಡೆಯುವ ಮುಂಚೆ ರೀಜನ್ ಅನ್ನು ಇಂಗ್ಲಿಷ್ ಇಂಡಿಯಾಕ್ಕೆ ಬದಲಿಸಿ, ಫೈಲಿನ ಒಂದು ನಕಲು ತೆಗೆದಿಟ್ಟು ಕಾಂಪ್ಯಾಕ್ಟ್ ಅಂಡ್ ರಿಪೇರ್ ನಡೆಸಿ.