ಅವೆನ್ಯೂ ರಸ್ತೆಯ ಬೈಂಡಿಂಗ್ ಅಂಗಡಿ: ಕೆಲಸ ಚೆನ್ನ, ಅಂಚು ಮಾತ್ರ ಜೋಪಾನ

ನನ್ನ ಸೀನಿಯರ್ ವಕೀಲರು ತೀರಿಕೊಂಡ ಮೇಲೆ ಅವರ ಮನೆಯವರು ನನಗೆಂದು ಕೊಟ್ಟಿದ್ದು ಒಂದೇ ಪುಸ್ತಕ. ಹವೆಲ್ ದಾ ಎಂಬ ವೇಲ್ಸ್ ರಾಜನ ಹೆಸರಿನಲ್ಲಿರುವ ಕಾನೂನುಗಳ ಇಂಗ್ಲಿಷ್ ಅನುವಾದ. ಬೆನ್ನು ಕಿತ್ತುಹೋಗಿ, ತೆರೆದರೆ ಹಾಳೆಗಳು ಕೈಗೇ ಬರುತ್ತಿದ್ದವು. ರೈಸ್ ಮೆಮೋರಿಯಲ್ ಚರ್ಚ್ ಹತ್ತಿರದ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿರುವ ಬೋರ್ಡಿಲ್ಲದ ಅಂಗಡಿಗೆ ಒಯ್ದೆ.

ಬೈಂಡರ್ ಹಳೇ ಅಂಟು ನೆನೆಸಿ ಕೆರೆದು, ಫಾರಂಗಳನ್ನು, ಅಂದರೆ ಒಟ್ಟಿಗೆ ಮಡಚಿದ ಹಾಳೆಗಳ ಕಟ್ಟುಗಳನ್ನು, ಒಂದೊಂದಾಗಿ ಬಿಡಿಸಿ, ಹರಿದ ಮಡಿಕೆಗಳಿಗೆ ತೆಳು ಕಾಗದ ಹಚ್ಚಿ, ಮತ್ತೆ ದಾರದಲ್ಲಿ ಹೊಲಿದರು. ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿದ್ದರು. ಈಗ ಪುಸ್ತಕ ಮೇಜಿನ ಮೇಲೆ ಪೂರ್ತಿ ತೆರೆದು ಮಲಗುತ್ತದೆ. 450 ರೂಪಾಯಿ, ಈ ಕೆಲಸಕ್ಕೆ ಕಡಿಮೆಯೇ.

ನಾನು ನ್ಯಾಯದೇಗುಲದಲ್ಲಿ ವಿಚ್ಛೇದನದ ಕೇಸು ನಡೆಸುವವಳು, ಅದಕ್ಕೇ ಈ ಪುಸ್ತಕದ ಮೇಲೆ ಇಷ್ಟು ಜೀವ. ಹವೆಲ್ 928ರಲ್ಲಿ ರೋಮ್ ಯಾತ್ರೆ ಮಾಡಿದವನು. 950ರಲ್ಲಿ ತೀರಿಕೊಳ್ಳುವ ಹೊತ್ತಿಗೆ ವೇಲ್ಸ್‌ನ ಬಹುಭಾಗ ಅವನ ಕೈಯಲ್ಲಿತ್ತು. ‘ದಾ’ ಅಂದರೆ ಒಳ್ಳೆಯವನು. ಕಾನೂನಿನ ಪ್ರತಿಗಳು ಸಿಗುವುದು 13ನೇ ಶತಮಾನದಿಂದೀಚೆಗೆ, ಹಾಗಾಗಿ ಪ್ರತಿ ಸಾಲೂ ಅವನದೇ ಎನ್ನಲಾಗದು. ಆದರೂ ಓದಿ: ಏಳು ವರ್ಷ ಸಂಸಾರ ಮಾಡಿ ಬೇರೆಯಾದರೆ ಆಸ್ತಿ ಸಮಪಾಲು. ಹಂದಿಗಳು ಗಂಡನಿಗೆ, ಕುರಿಗಳು ಹೆಂಡತಿಗೆ. ಬೀಸುಕಲ್ಲಿನ ಮೇಲಿನ ಕಲ್ಲು ಅವನಿಗೆ, ಕೆಳಗಿನದು ಅವಳಿಗೆ. ಹೆಣ್ಣುಮಗಳು ಬರಿಗೈಯಲ್ಲಿ ಹೊರಡಬಾರದೆಂದು ಒಲೆಯ ಪಕ್ಕದ ಸಾಮಾನನ್ನೂ ಎಣಿಸಿಟ್ಟ ಕಾನೂನಿದು.

ಬೀಸುಕಲ್ಲಿನ ಸಾಲು ಓದಿ ಹೇಳಿದಾಗ ಬೈಂಡರ್ ಸೂಜಿ ನಿಲ್ಲಿಸಿ ಕೇಳಿದರು: “ಹಂಗಾದ್ರೆ ಹಿಟ್ಟು ಬೀಸೋರು ಯಾರು ಮೇಡಂ?” ಸೀನಿಯರ್ ಕೂಡ ಅಲ್ಲೇ ಅಂಚಿನಲ್ಲಿ ಪೆನ್ಸಿಲಿನಿಂದ ‘ಬೀಸುಕಲ್ಲು?’ ಎಂದು ಬರೆದಿದ್ದರು.

ಒಂದು ನೋವಾಗಿದ್ದು ಇಲ್ಲೇ. ಕೊನೆಗೆ ಅಂಚು ಸಮ ಮಾಡಲು ಕಟಿಂಗ್ ಮಷಿನ್‌ಗೆ ಕೊಟ್ಟಿದ್ದಾರೆ. ಈಗ ಉಳಿದಿರುವುದು ‘ಬೀಸುಕ’ ಅಷ್ಟೇ. ತೋರಿಸಿದಾಗ ಅವರ ಮುಖ ಸಣ್ಣಗಾಯಿತು. ಚೂರುಗಳ ಗೋಣಿಚೀಲವನ್ನೇ ಸುರಿದು ಇಬ್ಬರೂ ಅರ್ಧ ಗಂಟೆ ಹುಡುಕಿದೆವು. ಸಿಗಲಿಲ್ಲ.

ಮುಂದಿನ ತಿಂಗಳು ಇನ್ನೆರಡು ಪುಸ್ತಕ ಅವರಿಗೇ ಕೊಡುತ್ತೇನೆ. ನೀವು ಹೋಗುವುದಾದರೆ ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಿರಿ, ಗಾಡಿ ನಿಲ್ಲಿಸಲು ಜಾಗವಿಲ್ಲ. ಭಾನುವಾರ ರಜೆ. ‘ಅಂಚು ಕತ್ತರಿಸಬೇಡಿ’ ಎಂದು ಚೀಟಿಯ ಮೇಲೇ ಬರೆಸಿ.